ಕನ್ನಡಕ ಇಳಿಸಿ ರಂಗಸ್ಥಳ ಏರಿದಾಗ

ಚೌಕಿಯಲ್ಲಿ ಬಣ್ಣಕ್ಕೆ ಕೂರುವ ಮೊದಲು ನನ್ನದೊಂದು ಶಾಸ್ತ್ರ ಇತ್ತು. ಕನ್ನಡಕ ತೆಗೆದು, ಡಬ್ಬಿಗೆ ಹಾಕಿ, ಮಗಳ ಕೈಗೆ ಕೊಡುವುದು. ಅಲ್ಲಿಂದ ಮುಂದಿನ ಮೂರು ಗಂಟೆ ನನ್ನ ಪಾಲಿಗೆ ಲೋಕ ಅಂದರೆ ನೀರಿನಲ್ಲಿ ಕದಡಿದ ಬಣ್ಣ. ಕನ್ನಡಿಗೆ ಮೂಗು ತಾಗಿಸಿದರೆ ಮಾತ್ರ ನನ್ನ ಹುಬ್ಬು ನನಗೆ ಕಾಣುತ್ತಿತ್ತು. ಹಾಗಾಗಿ ನನ್ನ ಮುಖವರ್ಣಿಕೆಗೆ ಯಾವಾಗಲೂ ಬೇರೆಯವರ ಕೈಯೇ ಗತಿ.

ಪುತ್ತೂರಿನಿಂದ ಸ್ವಲ್ಪ ಒಳಗೆ ನಮ್ಮ ಊರು. ಹಗಲು ಸಹಕಾರಿ ಸಂಘದಲ್ಲಿ ಗುಮಾಸ್ತೆ, ಸಂಜೆ ಮಹಿಳೆಯರ ಹವ್ಯಾಸಿ ಯಕ್ಷಗಾನ ತಂಡದಲ್ಲಿ ಅಭಿಮನ್ಯುವೋ ಸುಧನ್ವನೋ. ನಾಲ್ಕನೇ ಕ್ಲಾಸಿನಲ್ಲಿ ಮೂಗಿಗೇರಿದ ಕನ್ನಡಕ ಈಗ ಬಲಗಣ್ಣಿಗೆ ಮೈನಸ್ 6, ಎಡಗಣ್ಣಿಗೆ ಮೈನಸ್ 5.50ಕ್ಕೆ ಬಂದು ನಿಂತಿದೆ. ವಯಸ್ಸು ನಲವತ್ತೊಂದು. ಕಿರೀಟ ಕಟ್ಟಿದ ಸುಧನ್ವ ಕನ್ನಡಕ ಹಾಕಿಕೊಂಡು ಬಂದರೆ ಹೇಗಿರುತ್ತದೆ ಹೇಳಿ! ಹಾಗಾಗಿ ಹನ್ನೆರಡು ವರ್ಷ ನಾನು ಕುಣಿದದ್ದು ಲೆಕ್ಕದ ಮೇಲೆ. ರಥದಿಂದ ರಂಗಸ್ಥಳದ ಅಂಚಿಗೆ ಆರು ಹೆಜ್ಜೆ. ಬಲಗಿವಿಗೆ ಚೆಂಡೆ ಜೋರಾಗಿ ಕೇಳಿದರೆ ನಾನು ಆ ಬದಿಗೆ ಸರಿದಿದ್ದೇನೆ ಎಂದರ್ಥ.

ಈ ಲೆಕ್ಕ ತಪ್ಪಿದ್ದು ದೀಪಾವಳಿಯ ಒಂದು ಆಟದಲ್ಲಿ. ಶಾಲೆಯ ಮೈದಾನದಲ್ಲಿ ಹಾಕಿದ ವೇದಿಕೆ ಎಂದಿನದಕ್ಕಿಂತ ಚಿಕ್ಕದು. ಐದನೇ ಹೆಜ್ಜೆಗೇ ಕಾಲಡಿ ಹಲಗೆ ಇಲ್ಲ! ಅರ್ಜುನನ ಪಾತ್ರ ಮಾಡುತ್ತಿದ್ದ ಗೆಳತಿ ಕೈ ಹಿಡಿದೆಳೆದು, "ಎಲೈ ಬಾಲಕ, ಓಡಿಹೋಗಲು ನೋಡುವೆಯಾ?" ಎಂದು ಕೇಳಿಬಿಟ್ಟಳು. ಜನ ಚಪ್ಪಾಳೆ ತಟ್ಟಿದರು. ನನ್ನ ಎದೆ ಮಾತ್ರ ಮಂಗಳ ಪದ ಮುಗಿಯುವವರೆಗೂ ಹೊಡೆದುಕೊಳ್ಳುತ್ತಿತ್ತು.

ಮನೆಗೆ ಬಂದ ಮೇಲೆ ಇವರು ಒಂದೇ ಮಾತು ಹೇಳಿದ್ದು: "ಇನ್ನು ಲೆನ್ಸ್ ಹಾಕ್ತೀಯಾ, ಇಲ್ಲ ಆಟ ಬಿಡ್ತೀಯಾ, ಯೋಚನೆ ಮಾಡು."

ಕಣ್ಣಿಗೂ ಅಳತೆ ಉಂಟು

ಲೆನ್ಸ್ ಅಂದರೆ ಚಪ್ಪಲಿ ಅಂಗಡಿಯಲ್ಲಿ ನಂಬರು ಹೇಳಿ ತಂದ ಹಾಗೆ ಅಂದುಕೊಂಡಿದ್ದೆ. ಕನ್ನಡಕದ ಚೀಟಿ ತೋರಿಸಿದರೆ ಸಾಕು ಎಂದು ಭಾವಿಸಿದ್ದೆ. ಹಾಗಲ್ಲ. ಕಪ್ಪುಗುಡ್ಡೆಯ ಮುಂದೆ ಗಾಜಿನಂತೆ ಇರುವ ಕಾರ್ನಿಯಾ ಎಷ್ಟು ಬಾಗಿದೆ ಎಂದು ಅಳೆದರು. ಕಣ್ಣೀರು ಸಾಕಷ್ಟು ಇದೆಯಾ, ರೆಪ್ಪೆಯ ಒಳಬದಿ ಚೆನ್ನಾಗಿದೆಯಾ ಎಂದು ನೋಡಿದರು. ಪ್ರಯೋಗಕ್ಕೆಂದು ಒಂದು ಜೊತೆ ಹಾಕಿಸಿ ಅರ್ಧ ಗಂಟೆ ಕೂರಿಸಿ, ಕಣ್ಣು ಮಿಟುಕಿಸಿದಾಗ ಲೆನ್ಸ್ ಎಷ್ಟು ಜಾರುತ್ತದೆ ಎಂದು ಪರೀಕ್ಷಿಸಿದರು. ಅಂಟಿಕೊಂಡು ಕೂತರೂ ಕಷ್ಟ, ತುಂಬ ಓಡಾಡಿದರೂ ಕಷ್ಟವಂತೆ.

ಚೀಟಿಯಲ್ಲಿ ಬಲಗಣ್ಣಿಗೆ 6ರ ಬದಲು 5.50 ಎಂದು ಬರೆದದ್ದು ನೋಡಿ, "ಡಾಕ್ಟ್ರೇ, ಪವರ್ ಇಳಿಯಿತಾ?" ಎಂದು ಆಸೆಯಿಂದ ಕೇಳಿದೆ. ಅವರು ನಕ್ಕರು. ಕನ್ನಡಕ ಕಣ್ಣಿನಿಂದ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ದೂರ ಕೂರುತ್ತದೆ, ಲೆನ್ಸ್ ಕಣ್ಣಿನ ಮೇಲೆಯೇ ಕೂರುತ್ತದೆ. ಮೈನಸ್ ಪವರ್ ಜಾಸ್ತಿ ಇದ್ದವರಿಗೆ ಆ ಅಂತರದಿಂದ ಲೆಕ್ಕ ಬದಲಾಗುತ್ತದೆ. ಕಣ್ಣು ಬದಲಾದದ್ದಲ್ಲ.

ಇನ್ನೊಂದು ಮಾತನ್ನೂ ಅವರು ಅಂದೇ ಹೇಳಿದ್ದರು. "ನಲವತ್ತು ದಾಟಿದೆ. ಹತ್ತಿರದ್ದು ಓದುವಾಗ ಸ್ವಲ್ಪ ಗೊತ್ತಾಗ್ತದೆ." ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಜನವರಿಯ ಜಾತ್ರೆಗೆ ಐದು ವಾರ ಉಳಿದಿತ್ತು. ಸುಧನ್ವನ ಪಾತ್ರ ನನ್ನದು. ತಲೆಯಲ್ಲಿ ಅದೊಂದೇ.

ಮೊದಲ ದಿನದ ಮಲ್ಲಯುದ್ಧ

ಕೈ ಸೋಪಿನಲ್ಲಿ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಬೇಕು. ತೋರುಬೆರಳಿನ ತುದಿಯಲ್ಲಿ ಲೆನ್ಸ್ ಇಟ್ಟು ಪಕ್ಕದಿಂದ ನೋಡಬೇಕು. ಬಟ್ಟಲಿನ ಹಾಗೆ ಅಂಚು ನೇರವಾಗಿ ನಿಂತರೆ ಸರಿ, ತಟ್ಟೆಯಂತೆ ಹೊರಗೆ ಬಾಗಿದ್ದರೆ ತಿರುವುಮುರುವು. ಕೆಳರೆಪ್ಪೆಯನ್ನು ನಡುಬೆರಳಲ್ಲಿ ಎಳೆದು, ಇನ್ನೊಂದು ಕೈಯಲ್ಲಿ ಮೇಲ್ರೆಪ್ಪೆ ಎತ್ತಿ, ನಿಧಾನಕ್ಕೆ ಇಡಬೇಕು. ಹೇಳುವುದಕ್ಕೆ ಇಷ್ಟೇ.

ಮಾಡುವುದಕ್ಕೆ ಹೋದರೆ ಬೆರಳು ಹತ್ತಿರ ಬಂದ ಕೂಡಲೇ ಕಣ್ಣು ಮುಚ್ಚಿಕೊಳ್ಳುತ್ತದೆ. ನಾವು ಹೇಳಿದರೆ ಕೇಳುವ ಜಾತಿಯದಲ್ಲ ಅದು. ಹುಟ್ಟಿದಾಗಿನಿಂದ ಕಾವಲು ಕಾಯುವುದೇ ರೆಪ್ಪೆಯ ಉದ್ಯೋಗ. ಕ್ಲಿನಿಕ್ಕಿನಲ್ಲಿ ಕಲಿಸಿದ ಹುಡುಗಿಗೆ ನನ್ನ ಮಗಳಿಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. "ಬೆರಳನ್ನು ನೋಡ್ಬೇಡಿ ಆಂಟಿ, ಆ ಗೋಡೆಯ ಕ್ಯಾಲೆಂಡರ್ ನೋಡಿ" ಎಂದಳು. ಕ್ಯಾಲೆಂಡರಿನ ಗಣಪತಿಯನ್ನು ನೋಡುತ್ತ ನೋಡುತ್ತ ಐವತ್ತು ನಿಮಿಷಕ್ಕೆ ಎರಡೂ ಕೂತವು.

ಕೂತ ಮರುಕ್ಷಣ ಒಂದಿಷ್ಟು ನೀರು ಬಂತು, ರೆಪ್ಪೆಯೊಳಗೆ ಕೂದಲು ಸಿಕ್ಕಿದ ಹಾಗಾಯಿತು. ಐದು ನಿಮಿಷಕ್ಕೆ ಅದೂ ಹೋಯಿತು. ಆಮೇಲೆ ನೋಡಿದೆ. ಎದುರಿನ ಅಂಗಡಿಯ ಬೋರ್ಡು, ರಸ್ತೆಯಾಚೆಯ ಹಲಸಿನ ಮರ, ಕಡೆಗಣ್ಣಿನಲ್ಲಿ ಬರುವ ರಿಕ್ಷಾ, ಎಲ್ಲ ಒಟ್ಟಿಗೆ ಕಂಡಿತು. ಕನ್ನಡಕದವರಿಗೆ ಲೋಕಕ್ಕೆ ಯಾವಾಗಲೂ ಒಂದು ಚೌಕಟ್ಟು ಇರುತ್ತದೆ. ಚೌಕಟ್ಟಿನ ಹೊರಗೆ ಮಸುಕು. ಅದು ಇಲ್ಲದ ಲೋಕ ಎಷ್ಟು ಅಗಲ ಇದೆ ಎಂದು ನಾನು ಮೊದಲ ಸಲ ನೋಡಿದ್ದು ಅಂದು.

ತೆಗೆಯುವುದು ಇನ್ನೊಂದು ಪಾಠ. ಮೇಲೆ ನೋಡುತ್ತ ಲೆನ್ಸನ್ನು ಬಿಳಿಗುಡ್ಡೆಯ ಕಡೆ ಜಾರಿಸಿ ಎರಡು ಬೆರಳಲ್ಲಿ ಮೆಲ್ಲಗೆ ಚಿವುಟಿ ತೆಗೆಯಬೇಕು. ಉಗುರು ತಾಗಬಾರದು. ಅಂದೇ ಉಗುರು ಕತ್ತರಿಸಿದೆ.

ಮನೆಯಲ್ಲಿ ಅತ್ತೆಗೆ ಬೇರೆಯೇ ಚಿಂತೆ. "ಅದು ಹಿಂದೆ ಜಾರಿ ತಲೆಯೊಳಗೆ ಹೋದರೆ ಎಂಥ ಮಾಡುವುದು ಮಾರಾಯ್ತಿ?" ಈ ಹೆದರಿಕೆ ಬಹಳ ಜನಕ್ಕೆ ಉಂಟು. ಹೋಗುವುದಿಲ್ಲ. ಬಿಳಿಗುಡ್ಡೆಯನ್ನು ಮುಚ್ಚಿದ ತೆಳು ಪದರ ರೆಪ್ಪೆಯ ಒಳಗೆ ಮಡಚಿಕೊಂಡು ಒಂದು ಚೀಲದ ಹಾಗೆ ಮುಚ್ಚಿರುತ್ತದೆ. ಲೆನ್ಸ್ ಮೇಲ್ರೆಪ್ಪೆಯಡಿ ಅಡಗಿ ಕೂತೀತು, ಅದರಾಚೆ ದಾರಿ ಇಲ್ಲ.

ಆಟಿಕೆಯಿಂದ ಹುಟ್ಟಿದ ಲೆನ್ಸ್

ಇಷ್ಟು ಮೆತ್ತಗಿನ ವಸ್ತು ಎಲ್ಲಿಂದ ಬಂತು ಎಂಬ ಕುತೂಹಲಕ್ಕೆ ಹುಡುಕಿದೆ. 19ನೇ ಶತಮಾನದ ಕೊನೆಗೆ ಮಾಡಿದ ಮೊದಲ ಲೆನ್ಸ್‌ಗಳು ಗಾಜಿನವು, ಇಡೀ ಕಣ್ಣನ್ನು ಮುಚ್ಚುವಷ್ಟು ದೊಡ್ಡವು. ನಾವು ಹಾಕುವ ಮೆದು ಲೆನ್ಸಿನ ಹಿಂದೆ ಇರುವವರು ಆಗಿನ ಜೆಕೊಸ್ಲೊವಾಕಿಯದ ರಸಾಯನ ವಿಜ್ಞಾನಿ ಒಟ್ಟೊ ವಿಖ್ಟರ್ಲೆ. 1961ರ ಕ್ರಿಸ್‌ಮಸ್ ಹೊತ್ತಿಗೆ ಮನೆಯಲ್ಲೇ ಮಕ್ಕಳ ಜೋಡಿಸುವ ಆಟಿಕೆಯ ತುಂಡುಗಳು ಮತ್ತು ಸೈಕಲ್ಲಿನ ಡೈನಮೊ ಸೇರಿಸಿ ತಿರುಗುವ ಯಂತ್ರ ಮಾಡಿ, ನೀರು ಹೀರುವ ಪ್ಲಾಸ್ಟಿಕ್ಕಿನಿಂದ ಲೆನ್ಸ್ ಎರಕ ಹೊಯ್ದರು. ಅಮೆರಿಕದಲ್ಲಿ ಅದರ ಮಾರಾಟಕ್ಕೆ 1971ರಲ್ಲಿ ಅನುಮತಿ ಸಿಕ್ಕಿತು.

ನೀರು ಹೀರುವುದೇ ಅದರ ಗುಣ. ಅದೇ ಅದರ ಅಪಾಯವೂ ಹೌದು. ಇದು ನನಗೆ ಆಮೇಲೆ ಗೊತ್ತಾಯಿತು.

ಇಲ್ಲದ ಕನ್ನಡಕವನ್ನು ಸರಿಪಡಿಸುತ್ತ...

ಮೊದಲ ವಾರ ದಿನಕ್ಕೆ ಎಷ್ಟು ಸಲ ಮೂಗಿನ ಮೇಲೆ ಬೆರಳಿಟ್ಟೆನೋ! ಇಲ್ಲದ ಕನ್ನಡಕವನ್ನು ಮೇಲೆ ದೂಡುವುದು. ರಾತ್ರಿ ಮಲಗುವಾಗ ತಲೆದಿಂಬಿನ ಪಕ್ಕ ತಡಕುವುದು. ಸಂಘಕ್ಕೆ ಬಂದವರು, "ಮೇಡಂ, ಹುಷಾರಿಲ್ವಾ? ಮುಖ ಬಾಡಿದೆ" ಎಂದು ಕೇಳುವುದು. ಮೂವತ್ತು ವರ್ಷ ಗಾಜಿನ ಹಿಂದೆ ಇದ್ದ ಕಣ್ಣಡಿಯ ಕಪ್ಪು ಈಗ ಹೊರಗೆ ಬಂದಿತ್ತು, ಅಷ್ಟೇ.

ಮೆಟ್ಟಿಲು ಇಳಿಯುವಾಗ ಎರಡು ದಿನ ತಡವರಿಸಿದೆ. ಮೈನಸ್ ಕನ್ನಡಕ ಎಲ್ಲವನ್ನೂ ತುಸು ಚಿಕ್ಕದು ಮಾಡಿ ತೋರಿಸುತ್ತದೆ. ಲೆನ್ಸಿನಲ್ಲಿ ಆ ಕುಗ್ಗುವಿಕೆ ಬಹಳ ಕಡಿಮೆ. ನೆಲ ಹತ್ತಿರ ಬಂದ ಹಾಗೆ, ಅನ್ನದ ತಪ್ಪಲೆ ದೊಡ್ಡದಾದ ಹಾಗೆ ಅನಿಸುತ್ತದೆ. ಗಂಜಿ ಬಸಿಯುವಾಗ ಗಾಜಿಗೆ ಹಬೆ ಹಿಡಿಯುವ ತಾಪತ್ರಯ ಇಲ್ಲ. ಈರುಳ್ಳಿ ಹೆಚ್ಚಿದರೂ ಕಣ್ಣೀರು ಕಡಿಮೆ!

ಆದರೆ ಗಾಂಧಾರಿ ಮೆಣಸು ಬಿಡಬೇಕಲ್ಲ. ಒಂದು ಸಂಜೆ ಚಟ್ನಿಗೆ ಮೆಣಸು ಮುರಿದು, ಎರಡು ಸಲ ಸೋಪು ಹಾಕಿ ಕೈ ತೊಳೆದು, ಧೈರ್ಯದಿಂದ ಲೆನ್ಸ್ ತೆಗೆಯಲು ಬೆರಳಿಟ್ಟೆ. ಅಯ್ಯೋ ದೇವರೇ! ಮೆಣಸಿನ ಖಾರ ಎಣ್ಣೆಯಲ್ಲಿ ಕರಗುವಂಥದ್ದು, ಬರೀ ನೀರು ಸೋಪಿಗೆ ಪೂರ್ತಿ ಬಿಡುವುದಿಲ್ಲ. ಈಗ ಮೆಣಸು ಮುಟ್ಟುವ ದಿನ ಕೈಗವಸು. ಅದಿಲ್ಲದಿದ್ದರೆ ಮೊದಲೇ ಲೆನ್ಸ್ ತೆಗೆದಿಟ್ಟು ಕನ್ನಡಕ ಹಾಕಿ ಅಡುಗೆ.

ಡಾಕ್ಟ್ರು ಹೇಳಿದ ನಲವತ್ತರ ಮಾತೂ ನೆನಪಾಯಿತು. ಪ್ರಸಂಗ ಪುಸ್ತಕ ಹಿಡಿದರೆ ಅಕ್ಷರ ಕೂಡಿಕೊಳ್ಳುತ್ತಿತ್ತು. ಕೈ ಚಾಚಿ ದೂರ ಹಿಡಿದರೆ ಸರಿ. ಇದುವರೆಗೆ ಸೂಜಿಗೆ ನೂಲು ಪೋಣಿಸಲು, ಔಷಧಿ ಬಾಟಲಿಯ ಚಿಕ್ಕ ಅಕ್ಷರ ಓದಲು ಕನ್ನಡಕ ಹಣೆಗೇರಿಸಿ ಮೂಗಿನ ಹತ್ತಿರ ಹಿಡಿಯುತ್ತಿದ್ದೆ. ಅದೊಂದು ಪುಕ್ಕಟೆ ಭೂತಕನ್ನಡಿ. ಲೆನ್ಸನ್ನು ಹಣೆಗೇರಿಸಲಿಕ್ಕಾಗುತ್ತದಾ? ಸಾಲದ್ದಕ್ಕೆ, ಮೈನಸ್ ಪವರಿನವರು ಕನ್ನಡಕಕ್ಕಿಂತ ಲೆನ್ಸಿನಲ್ಲಿ ಹತ್ತಿರದ್ದು ನೋಡುವಾಗ ಕಣ್ಣು ಹೆಚ್ಚು ಶ್ರಮ ಪಡಬೇಕು. ಮೂವತ್ತರಲ್ಲಿ ಅದು ಗೊತ್ತಾಗುವುದಿಲ್ಲ, ನಲವತ್ತೊಂದರಲ್ಲಿ ಗೊತ್ತಾಗುತ್ತದೆ. ಈಗ ಪ್ರಸಂಗ ಓದುವುದಕ್ಕೆ ಲೆನ್ಸಿನ ಮೇಲೆ ಒಂದು ಸಣ್ಣ ಓದುವ ಕನ್ನಡಕ. "ಕನ್ನಡಕ ತಪ್ಪಿಸ್ಲಿಕ್ಕೆ ಲೆನ್ಸ್, ಲೆನ್ಸಿಗೆ ಪುನಃ ಕನ್ನಡಕ" ಎಂದು ಮಗಳು ಬಿದ್ದು ಬಿದ್ದು ನಕ್ಕಳು.

ಮೂರು ತಪ್ಪು

ಮೊದಲ ದಿನ ನಾಲ್ಕು ಗಂಟೆ, ಆಮೇಲೆ ದಿನಕ್ಕೆ ಒಂದೊಂದೇ ಗಂಟೆ ಹೆಚ್ಚು ಮಾಡಿ ಎಂದು ಚೀಟಿ ಬರೆದುಕೊಟ್ಟಿದ್ದರು. ನಾನು ಐದನೇ ದಿನಕ್ಕೇ ಬೆಳಗ್ಗೆ ಏಳಕ್ಕೆ ಹಾಕಿ ರಾತ್ರಿ ಒಂಬತ್ತಕ್ಕೆ ತೆಗೆದೆ. ಏನೂ ಆಗಲಿಲ್ಲ. ಏನೂ ಆಗದಿರುವುದೇ ಮೋಸ.

ಮೂರನೇ ವಾರ. ಜಾತ್ರೆಗೆ ಹತ್ತು ದಿನ ಬಾಕಿ. ಲೆನ್ಸ್ ನೆನೆಹಾಕುವ ದ್ರಾವಣ ಮುಗಿಯುತ್ತ ಬಂದಿತ್ತು. ಪೇಟೆಗೆ ಹೋಗಲು ಪುರುಸೊತ್ತು ಇಲ್ಲ. ಡಬ್ಬಿಯಲ್ಲಿದ್ದ ಹಳೆಯ ದ್ರಾವಣವನ್ನು ಚೆಲ್ಲದೆ ಮೇಲೆ ನಾಲ್ಕು ಹನಿ ಹೊಸದು ಸೇರಿಸಿದೆ. ಇದು ಒಂದನೇ ತಪ್ಪು. ಮರುದಿನ ಡಬ್ಬಿ ಜಿಗುಟಾಗಿದೆ ಎಂದು ಬಚ್ಚಲಿನ ನಲ್ಲಿಗೆ ಹಿಡಿದು ತೊಳೆದೆ. ನಮ್ಮ ಬಾವಿಯ ನೀರು, ಕನ್ನಡಿಯ ಹಾಗೆ ತಿಳಿ, ಎಂಬ ಭರವಸೆ. ಎರಡನೇ ತಪ್ಪು. ಆ ರಾತ್ರಿ ಅಭ್ಯಾಸ ಮುಗಿಸಿ ಹನ್ನೊಂದೂವರೆಗೆ ಬಂದವಳು "ಐದು ನಿಮಿಷ" ಎಂದು ಒರಗಿದೆ. ಎಚ್ಚರವಾದದ್ದು ಕೋಳಿ ಕೂಗಿದಾಗ. ಲೆನ್ಸ್ ಕಣ್ಣಲ್ಲೇ. ಅದು ಮೂರನೆಯದು.

ಮಧ್ಯಾಹ್ನದ ಹೊತ್ತಿಗೆ ಬಲಗಣ್ಣು ಕೆಂಪು. ಸಂಜೆ ಬೆಳಕು ನೋಡಲಾಗದಷ್ಟು ಚುಚ್ಚು. ಆಗಲೂ "ರೋಸ್‌ವಾಟರ್ ಹಾಕಿದರೆ ಸರಿಯಾದೀತು" ಎಂದಳು ಪಕ್ಕದ ಮನೆಯವಳು. ಅದೃಷ್ಟಕ್ಕೆ ಇವರು ಕೇಳಲಿಲ್ಲ. ಫೋನ್ ಮಾಡಿದರೆ ಡಾಕ್ಟ್ರು, "ಲೆನ್ಸ್ ತೆಗೆದು ಡಬ್ಬಿ ಸಮೇತ ತನ್ನಿ, ಬಿಸಾಡಬೇಡಿ. ನಾಳೆ ಅಲ್ಲ, ಈಗಲೇ ಬನ್ನಿ" ಎಂದರು.

ಕಣ್ಣಿಗೆ ಹಳದಿ ಬಣ್ಣದ ಔಷಧಿ ಹಾಕಿ, ನೀಲಿ ಬೆಳಕಿನಲ್ಲಿ ನೋಡಿದರು. ಗಾಯವಾದ ಕಡೆ ಹಸಿರಾಗಿ ಹೊಳೆಯುತ್ತದಂತೆ. ಸಾಸಿವೆಗಿಂತ ಚಿಕ್ಕ ಒಂದು ಚುಕ್ಕೆ, ಕಪ್ಪುಗುಡ್ಡೆಯ ಅಂಚಿನ ಹತ್ತಿರ. "ನಡುವೆ ಆಗಿದ್ರೆ ದೃಷ್ಟಿಗೇ ಕಲೆ ಉಳೀತಿತ್ತು" ಎಂದರು. ನನಗೆ ಬಾಯಿ ಒಣಗಿತು.

ಅಂದು ಅವರು ವಿವರಿಸಿದ್ದನ್ನು ಎಲ್ಲ ಲೆನ್ಸಿನವರೂ ತಿಳಿದಿರಬೇಕು. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಅದಕ್ಕೇ ಅದು ಪಾರದರ್ಶಕ. ಬೇಕಾದ ಆಮ್ಲಜನಕದ ಹೆಚ್ಚಿನ ಭಾಗವನ್ನು ಅದು ಕಣ್ಣೀರಿನ ಮೂಲಕ ಗಾಳಿಯಿಂದಲೇ ಪಡೆಯುತ್ತದೆ. ರೆಪ್ಪೆ ಮುಚ್ಚಿ ನಿದ್ದೆ ಮಾಡಿದಾಗ ಅದು ಮೊದಲೇ ಕಡಿಮೆ. ಮೇಲೆ ಲೆನ್ಸೂ ಇದ್ದರೆ ಕಾರ್ನಿಯಾ ಊದಿಕೊಳ್ಳುತ್ತದೆ, ಮೇಲ್ಪದರ ದುರ್ಬಲವಾಗುತ್ತದೆ, ರೋಗಾಣುಗಳಿಗೆ ಬಾಗಿಲು ತೆರೆದ ಹಾಗೆ. ಇನ್ನು ನೀರು. ನಲ್ಲಿ, ಬಾವಿ, ಟ್ಯಾಂಕು, ಈಜುಕೊಳ ಯಾವುದರ ನೀರಿನಲ್ಲೂ ಅಕಾಂತಮೀಬ ಎಂಬ ಸೂಕ್ಷ್ಮಜೀವಿ ಇರಬಹುದು. ಕುಡಿದರೆ ನಮಗೆ ಏನೂ ಮಾಡದ ಅದು ಲೆನ್ಸಿಗೆ ಅಂಟಿಕೊಂಡು ಕಣ್ಣಿಗೆ ಸೇರಿದರೆ ತಿಂಗಳುಗಟ್ಟಲೆ ಚಿಕಿತ್ಸೆ ಬೇಕು, ದೃಷ್ಟಿಯೂ ಹೋಗಬಹುದು. ನನ್ನದು ಅದಾಗಿರಲಿಲ್ಲ, ಬ್ಯಾಕ್ಟೀರಿಯಾದ ಸೋಂಕು. ಮೊದಲ ಎರಡು ದಿನ ಗಂಟೆಗೊಮ್ಮೆ ಹನಿ.

"ಜಾತ್ರೆಯ ಆಟ ಡಾಕ್ಟ್ರೇ..." ಎಂದೆ. "ಲೆನ್ಸ್ ಇಲ್ಲ. ಆ ಕಣ್ಣಿನ ಸುತ್ತ ಬಣ್ಣವೂ ಇಲ್ಲ. ನಾನು ಹೇಳುವವರೆಗೆ" ಎಂದರು.

ಬಣ್ಣವಿಲ್ಲದೆ ಎಂಥ ಸುಧನ್ವ?

ಪ್ರೇಕ್ಷಕರ ಸಾಲಿನಲ್ಲಿ

ಪಾತ್ರವನ್ನು ತಂಡದ ಕಿರಿಯ ಹುಡುಗಿಗೆ ಬಿಟ್ಟುಕೊಟ್ಟೆ. ಹೇಳಿದಷ್ಟು ಸುಲಭವಾಗಿ ಅಲ್ಲ. ಎರಡು ದಿನ ಮನೆಯಲ್ಲಿ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಗುರುಗಳು ಮನೆಗೇ ಬಂದು, "ಸುಧನ್ವ ಮುಂದಿನ ವರ್ಷವೂ ಇರ್ತಾನೆ ಅಮ್ಮ, ಕಣ್ಣು ಇರಬೇಕಲ್ಲ" ಎಂದರು. ಅತ್ತೆ ಒಳಗಿನಿಂದ, "ಸುಧನ್ವನಿಗೆ ತಡ ಮಾಡಿದ್ದಕ್ಕೆ ಕಾದ ಎಣ್ಣೆ, ಇವಳಿಗೆ ಅವಸರ ಮಾಡಿದ್ದಕ್ಕೆ ಉರಿಗಣ್ಣು" ಎಂದು ಒಗ್ಗರಣೆ ಹಾಕಿದರು. ಅಳು ಬರುತ್ತಿದ್ದವಳಿಗೆ ನಗು ಬಂತು.

ಜಾತ್ರೆಯ ರಾತ್ರಿ ಹಳೆಯ ಕನ್ನಡಕ ಹಾಕಿಕೊಂಡು ಮೂರನೇ ಸಾಲಿನಲ್ಲಿ ಕೂತೆ. ನಮ್ಮ ತಂಡದ ಆಟವನ್ನು ಎದುರಿಗೆ ಕೂತು ನೋಡಿದ್ದು ಹನ್ನೆರಡು ವರ್ಷದಲ್ಲಿ ಅದೇ ಮೊದಲು. ಆ ಹುಡುಗಿ ಚೆನ್ನಾಗಿಯೇ ಮಾಡಿದಳು. ನಾನು ಗಮನಿಸಿದ್ದು ಬೇರೆ. ಅರ್ಜುನ ಮಾತು ಎತ್ತುವ ಮೊದಲು ಅವನ ಕಣ್ಣಲ್ಲಿ ಒಂದು ಮಿಂಚು ಬರುತ್ತದೆ. ಸುಧನ್ವ ಅದನ್ನು ಹಿಡಿದು ಉತ್ತರ ಕಟ್ಟುತ್ತಾನೆ. ನಮ್ಮದು ಬರೆದಿಟ್ಟ ಮಾತಲ್ಲವಲ್ಲ, ಅಲ್ಲೇ ಹುಟ್ಟಬೇಕು. ಹನ್ನೆರಡು ವರ್ಷ ನಾನು ಈ ಮಿಂಚು ನೋಡದೆ, ಬರೀ ಮಸುಕಿನ ಜೊತೆ ವಾದ ಮಾಡಿದ್ದೆ. ಲೆನ್ಸ್ ಬೇಕಾದದ್ದು ಬೀಳದಿರಲಿಕ್ಕೆ ಎಂದುಕೊಂಡಿದ್ದೆ. ಅಷ್ಟೇ ಅಲ್ಲ ಎಂದು ಆ ರಾತ್ರಿ ತಿಳಿಯಿತು.

ಎರಡನೇ ಸಲ, ನಿಧಾನಕ್ಕೆ

ಆರು ವಾರ ಕಳೆದು ಡಾಕ್ಟ್ರು ಒಪ್ಪಿದ ಮೇಲೆ ಪುನಃ ಶುರು. ಈ ಸಲ ದಿನಕ್ಕೊಂದು ಜೊತೆ ಹಾಕಿ ಎಸೆಯುವ ಲೆನ್ಸ್. ಖರ್ಚು ಜಾಸ್ತಿ, ಆದರೆ ಡಬ್ಬಿ ಇಲ್ಲ, ದ್ರಾವಣದಲ್ಲಿ ನೆನೆಹಾಕುವ ರಗಳೆ ಇಲ್ಲ. ಆಟ, ಅಭ್ಯಾಸ, ಮದುವೆ ಮನೆಗಳಿಗೆ ಮಾತ್ರ ಲೆನ್ಸ್. ಸಂಘಕ್ಕೆ ಕನ್ನಡಕವೇ. ಹಳೆಯ ಚೀಟಿಯ ಪ್ರಕಾರ ನಾಲ್ಕು ಗಂಟೆ, ಐದು ಗಂಟೆ ಎಂದು ಗೋಡೆಯಲ್ಲಿ ಗುರುತು ಹಾಕಿ ಹೆಚ್ಚಿಸಿದೆ.

ಪತ್ತನಾಜೆಗೆ ಮೊದಲು ಪಕ್ಕದ ಊರಿನಲ್ಲಿ ಒಂದು ಆಟ ಸಿಕ್ಕಿತು. ಅದೇ ಪ್ರಸಂಗ, ಅದೇ ಗೆಳತಿ ಅರ್ಜುನ. ಬಣ್ಣಕ್ಕೆ ಮೊದಲು ಕೈ ತೊಳೆದು ಲೆನ್ಸ್ ಹಾಕಿದೆ. ಹುಬ್ಬನ್ನು ನಾನೇ ಬರೆದುಕೊಂಡೆ. ರಂಗಸ್ಥಳಕ್ಕೆ ಬಂದರೆ ಮೊದಲು ಕಂಡದ್ದು ಎದುರು ಸಾಲಿನ ಜನರ ಮುಖ! ಒಬ್ಬರು ಆಕಳಿಸುತ್ತಿದ್ದಾರೆ, ಒಬ್ಬರು ಮೊಬೈಲ್ ನೋಡುತ್ತಿದ್ದಾರೆ. ನನ್ನ ಕಾಲು ಒಂದು ಕ್ಷಣ ತಾಳ ಮರೆಯಿತು. ಇಷ್ಟು ವರ್ಷ ನನಗಿದ್ದ ಧೈರ್ಯದ ಅರ್ಧ ಭಾಗ ಆ ಮಸುಕಿನದೇ ಆಗಿತ್ತೋ ಏನೋ.

ಆಮೇಲೆ ಅರ್ಜುನ ಬಂದಳು. ಅವಳ ಕಣ್ಣು ಕಂಡಿತು. ಮಾತಿಗೆ ಮೊದಲೇ ಆ ಮಿಂಚು. ಅಂದು ನಾವಿಬ್ಬರೂ ಮಾತಾಡಿದ್ದು ಎಷ್ಟು ಹೊತ್ತೋ, ಕೊನೆಗೆ ಭಾಗವತರೇ ಮುಂದಿನ ಪದ ಎತ್ತಿ ನಿಲ್ಲಿಸಬೇಕಾಯಿತು.

ಆಟ ಮುಗಿದು ಮೊದಲು ಕೈ ತೊಳೆದೆ, ಲೆನ್ಸ್ ತೆಗೆದು ಎಸೆದೆ, ಅನಂತರ ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಿದೆ. ಮಗಳು ಡಬ್ಬಿ ತೆರೆದು ಕನ್ನಡಕ ಕೊಟ್ಟಳು. ಹಾಕಿಕೊಂಡು ಮನೆಗೆ ಬಂದೆ. ಅದು ಈಗಲೂ ನನ್ನ ಮೂಗಿನ ಮೇಲೆ ಇದೆ. ಇದನ್ನು ಬರೆದದ್ದೂ ಅದನ್ನು ಹಾಕಿಕೊಂಡೇ.

ಮೊದಲ ಸಲ ಲೆನ್ಸ್ ಹಾಕುವವರಿಗೆ ನನ್ನ ಕಿವಿಮಾತು

- ಕಣ್ಣಿನ ಪರೀಕ್ಷೆ ಮಾಡಿಸಿ, ಲೆನ್ಸಿಗೆಂದೇ ಬೇರೆ ಚೀಟಿ ಬರೆಸಿಕೊಳ್ಳಿ. ಚಂದಕ್ಕೆ ಹಾಕುವ ಪವರಿಲ್ಲದ ಬಣ್ಣದ ಲೆನ್ಸಿಗೂ ಇದು ಬೇಕು. ಒಬ್ಬರದನ್ನು ಇನ್ನೊಬ್ಬರು ಹಾಕಲೇಬಾರದು.
- ದಿನವೂ ಬಲಗಣ್ಣಿನಿಂದಲೇ ಶುರು ಮಾಡಿ. ಎಡ ಬಲ ಅದಲುಬದಲು ಆಗುವುದಿಲ್ಲ.
- ಲೆನ್ಸಿಗೂ ಡಬ್ಬಿಗೂ ನೀರು ತಾಗಿಸಬೇಡಿ, ಎಂಜಲು ಅಂತೂ ಬೇಡವೇ ಬೇಡ. ಸ್ನಾನ, ಈಜಿಗೆ ಮೊದಲು ತೆಗೆದಿಡಿ.
- ದ್ರಾವಣ ದಿನವೂ ಹೊಸದು. ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆಯಾದರೂ ಬದಲಿಸಿ.
- ಲೆನ್ಸ್ ಹಾಕಿದ ಮೇಲೆ ಕಾಡಿಗೆ, ಲೆನ್ಸ್ ತೆಗೆದ ಮೇಲೆ ಮೇಕಪ್ ಒರೆಸುವುದು.
- ಸ್ಕೂಟರಿನಲ್ಲಿ ಹೋಗುವಾಗ ಧೂಳು ಸಿಕ್ಕಿದರೆ ಉಜ್ಜಬೇಡಿ. ನಿಲ್ಲಿಸಿ, ಲೆನ್ಸ್ ತೆಗೆಯಿರಿ. ಬ್ಯಾಗಿನಲ್ಲಿ ಕನ್ನಡಕ ಯಾವಾಗಲೂ ಇರಲಿ.
- ಕೆಂಪು, ನೋವು, ಬೆಳಕಿಗೆ ಚುಚ್ಚು, ಮಸುಕು. ಇದರಲ್ಲಿ ಒಂದು ಕಂಡರೂ ಲೆನ್ಸ್ ತೆಗೆದು ಅಂದೇ ಡಾಕ್ಟರನ್ನು ನೋಡಿ. ಮನೆಮದ್ದು ಬೇಡ.
- ಐದು ನಿಮಿಷದ ನಿದ್ದೆ ಎಂಬುದು ಇಲ್ಲ. ನನ್ನನ್ನು ಕೇಳಿ!